ಸಾಹೇಬರ ಆಮ್ಲಜನಕ 98

ಉಪಕರಣ ವಿತರಣಾ ಸಮಾರಂಭಕ್ಕೆ ತಾಲ್ಲೂಕು ಮಟ್ಟದಲ್ಲಿ ಒಂದು ಶಾಸ್ತ್ರವಿದೆ. ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ ಹತ್ತೂವರೆ ಎಂದು ಅಚ್ಚಾಗಿದ್ದರೆ ದೀಪ ಹೊತ್ತಿಕೊಳ್ಳುವುದು ಮಧ್ಯಾಹ್ನ ಒಂದಕ್ಕೆ. ಆಶಾ ಕಾರ್ಯಕರ್ತೆಯರು ಮಾತ್ರ ಒಂಬತ್ತಕ್ಕೇ ಬಂದು ಗುಲಾಬಿ ಸೀರೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ತುಂಬಿರಬೇಕು; ಇಲ್ಲವಾದರೆ ಫೋಟೊದಲ್ಲಿ ಹಿಂದಿನ ಸಾಲು ಬೋಳುಬೋಳಾಗಿ ಕಾಣುತ್ತದೆ. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಮೈಸೂರು ಪೇಟ ಎಲ್ಲ ಮುಗಿದ ಮೇಲೆ ರಟ್ಟಿನ ಪೆಟ್ಟಿಗೆ ಬಿಚ್ಚುತ್ತಾರೆ. ಒಳಗಿಂದ ಹೆಬ್ಬೆರಳು ಗಾತ್ರದ ಕ್ಲಿಪ್ಪೊಂದು ಹೊರಬರುತ್ತದೆ. ಪಲ್ಸ್ ಆಕ್ಸಿಮೀಟರ್. ಮಕ್ಕಳ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಹೇಳುವ ಯಂತ್ರ.

ಅದನ್ನು ಮೊದಲು ಯಾರ ಬೆರಳಿಗೆ ಹಾಕಬೇಕು? ಮಗುವಿನ ಬೆರಳಿಗೆ ಎನ್ನುವವರು ಸರ್ಕಾರಿ ಸಮಾರಂಭ ನೋಡಿದವರಲ್ಲ. ಸಾಹೇಬರ ಕೈ ಹಿಡಿದು, ಉಂಗುರವಿಲ್ಲದ ಬೆರಳೊಂದನ್ನು ಕಷ್ಟಪಟ್ಟು ಹುಡುಕಿ, ಅದಕ್ಕೆ ಸಿಕ್ಕಿಸುತ್ತಾರೆ. ಕೆಂಪು ಬೆಳಕು ಹೊತ್ತುತ್ತದೆ. ಸಭೆ ಉಸಿರು ಬಿಗಿಹಿಡಿಯುತ್ತದೆ. 98! ಚಪ್ಪಾಳೆ. ಸಾಹೇಬರಿಗೆ ನ್ಯುಮೋನಿಯಾ ಇಲ್ಲವೆಂಬುದು ವೈಜ್ಞಾನಿಕವಾಗಿ ಸಾಬೀತಾದ ಮೇಲೆ ವಂದನಾರ್ಪಣೆ, ಪಲಾವು, ಮೊಸರನ್ನ. ಮರುದಿನ ಪತ್ರಿಕೆಯಲ್ಲಿ ಶೀರ್ಷಿಕೆ: 'ಶಿಶುಮರಣ ತಡೆಗೆ ಕ್ರಾಂತಿಕಾರಿ ಹೆಜ್ಜೆ'. ಹೆಜ್ಜೆ ಹಾಕಬೇಕಾದವಳು ಆ ಹೊತ್ತಿಗೆ ಕೊನೆಯ ಬಸ್ಸು ತಪ್ಪಿಸಿಕೊಂಡು, ಹಾಲಿನ ಟೆಂಪೊ ಹತ್ತಿ ಊರಿಗೆ ಹೋಗಿರುತ್ತಾಳೆ. ಬಸ್ ಚಾರ್ಜಿನ ಬಿಲ್ಲು ಮುಂದಿನ ಮೀಟಿಂಗಿನಲ್ಲಿ ನೋಡೋಣ.

ವಿಷಯ ನಗುವಂಥದ್ದಲ್ಲ. 2019ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 7.4 ಲಕ್ಷ ಮಕ್ಕಳು ನ್ಯುಮೋನಿಯಾದಿಂದ ಸತ್ತರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದೇ ವರ್ಷದ ನವೆಂಬರ್‌ನಲ್ಲಿ ನಮ್ಮ ಕೇಂದ್ರ ಸರ್ಕಾರ 'ಸಾಂಸ್' ಅಭಿಯಾನ ಶುರುಮಾಡಿತು. ಸಾವಿರ ಮಕ್ಕಳು ಹುಟ್ಟಿದರೆ ನ್ಯುಮೋನಿಯಾಕ್ಕೆ ಮೂರು ಮಕ್ಕಳೂ ಬಲಿಯಾಗದಂತೆ ನೋಡಿಕೊಳ್ಳುವುದು ಗುರಿ, 2025 ಗಡುವು. ಆ ಇಸವಿಯೂ ಬಂತು. ಸರ್ಕಾರಿ ಗುರಿಗಳಲ್ಲಿ ಒಂದು ಅನುಕೂಲವಿದೆ: ಗಡುವು ಬರುವ ಹೊತ್ತಿಗೆ ಗುರಿ ಇಟ್ಟವರು ಬೇರೆ ಇಲಾಖೆಯಲ್ಲಿ ಬೇರೊಂದು ಗುರಿ ಇಡುತ್ತಿರುತ್ತಾರೆ.

ಹಳ್ಳಿಯಲ್ಲಿ ಕೆಮ್ಮುತ್ತಿರುವ ಕೂಸಿಗೆ ಬರೀ ನೆಗಡಿಯೋ, ನ್ಯುಮೋನಿಯಾವೋ ಎಂದು ತಿಳಿಯಲು ಎಕ್ಸ್‌ರೇ ಬೇಕಿಲ್ಲ, ಸ್ಟೆಥಾಸ್ಕೋಪೂ ಬೇಕಿಲ್ಲ. ಉಸಿರು ಎಣಿಸಿದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ದಶಕಗಳ ಹಿಂದೆಯೇ ಲೆಕ್ಕ ಕೊಟ್ಟಿದೆ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ ಅಪಾಯ. ಎರಡು ತಿಂಗಳಿಂದ ಒಂದು ವರ್ಷದೊಳಗೆ 50. ಅಲ್ಲಿಂದ ಐದು ವರ್ಷದವರೆಗೆ 40. ಇಷ್ಟೇ. ಕೇಳುವುದಕ್ಕೆ ಒಂದನೇ ತರಗತಿಯ ಮಗ್ಗಿಗಿಂತ ಸುಲಭ.

ಈಗ ಎಣಿಸಿ ನೋಡಿ. ನಡುಮನೆಯಲ್ಲಿ ಟಿವಿಯ ಧಾರಾವಾಹಿಯಲ್ಲಿ ಅತ್ತೆ ಸೊಸೆಯನ್ನು ಬೈಯುತ್ತಿದ್ದಾಳೆ, ಇತ್ತ ಮನೆಯ ಅತ್ತೆ ಅವಳಿಗೆ ಬೆಂಬಲ ಕೊಡುತ್ತಿದ್ದಾಳೆ. ಆಶಾ ಅಕ್ಕ ನೆಲದ ಮೇಲೆ ಕೂತು, ಬಾಣಂತಿಯ ಮಡಿಲಲ್ಲಿರುವ ಕೂಸಿನ ಅಂಗಿಯನ್ನು ಎದೆಯ ಮೇಲಕ್ಕೆ ಸರಿಸುತ್ತಾಳೆ. ಮಗು ಅಳುತ್ತಿರಬಾರದು. ಹಾಲು ಕುಡಿಯುತ್ತಿರಬಾರದು. ಪೂರ್ತಿ ಅರವತ್ತು ಸೆಕೆಂಡು ಎಣಿಸಬೇಕು, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ತಪ್ಪು. ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಕಣ್ಣು ಹೊಟ್ಟೆಯ ಏರಿಳಿತದ ಮೇಲೆ. ಮೂವತ್ತಾರು, ಮೂವತ್ತೇಳು… ಮಗು ಆಕಳಿಸಿತು. ಅದು ಒಂದು ಉಸಿರೋ, ಎರಡೋ? ಬಾಗಿಲಲ್ಲಿ ನಾಯಿ ಬೊಗಳಿತು, ಮಗು ಬೆಚ್ಚಿ ಅತ್ತಿತು. ಮತ್ತೆ ಮೊದಲಿನಿಂದ. ಎದೆಗೂಡಿನ ಕೆಳಭಾಗ ಉಸಿರೆಳೆದಾಗ ಒಳಗೆ ಸೆಳೆದುಕೊಳ್ಳುತ್ತಿದೆಯೇ ಎಂದೂ ನೋಡಬೇಕು. 'ಪಕ್ಕೆ ಹಾರ್ತಾ ಐತೆ' ಎಂದು ಅಜ್ಜಿ ಬೆಳಿಗ್ಗೆಯೇ ಹೇಳಿದ್ದಾಳೆ. ಅಜ್ಜಿಯ ರೋಗನಿರ್ಣಯ ಸರಿಯಾಗಿಯೇ ಇದೆ, ಚಿಕಿತ್ಸೆಯದ್ದೇ ಭಯ. ಕೆಲವು ಕಡೆ ಈಗಲೂ ಹೊಟ್ಟೆಗೆ ಬರೆ ಎಳೆಯುವುದುಂಟು. ಆಶಾ ಅಕ್ಕ ಬಂದಿರುವುದು ಎಣಿಸುವುದಕ್ಕೆ ಮಾತ್ರವಲ್ಲ, ಆ ಕಾದ ಕಡ್ಡಿಯನ್ನು ತಡೆಯುವುದಕ್ಕೂ. ಈ ಎರಡನೆಯ ಕೆಲಸ ಮಾಡುವ ಉಪಕರಣವನ್ನು ಇನ್ನೂ ಯಾವ ಕಂಪನಿಯೂ ಮಾರುಕಟ್ಟೆಗೆ ಬಿಟ್ಟಿಲ್ಲ.

ಎಣಿಸುವ ಕಷ್ಟವನ್ನು ಬಹಳ ಹಿಂದೆಯೇ ಅರ್ಥಮಾಡಿಕೊಂಡವರು ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿಯ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ. ಅವರ ಜತೆ ಕೆಲಸ ಮಾಡುತ್ತಿದ್ದ ಸೂಲಗಿತ್ತಿಯರಲ್ಲಿ ಹಲವರಿಗೆ ಓದು ಬರಹವಿಲ್ಲ, ಹತ್ತರಾಚೆ ಎಣಿಕೆ ಕಷ್ಟ. ಹಾಗೆಂದು ಅವರನ್ನು ಮನೆಗೆ ಕಳಿಸಲಿಲ್ಲ. 1990ರ ದಶಕದ ಆರಂಭದಲ್ಲಿ ಒಂದು ಸಾಧನ ಮಾಡಿಸಿದರು: ಒಂದು ನಿಮಿಷದ ಮರಳು ಗಡಿಯಾರ, ಪಕ್ಕದಲ್ಲಿ ಮಣಿಗಳು. ಹತ್ತು ಉಸಿರಿಗೆ ಒಂದು ಮಣಿ ಸರಿಸು. ಮರಳು ಖಾಲಿಯಾಗುವುದರೊಳಗೆ ಕೆಂಪು ಮಣಿ ಬಂದರೆ ನ್ಯುಮೋನಿಯಾ. ಬ್ಯಾಟರಿ ಇಲ್ಲ, ಬ್ಲೂಟೂತ್ ಇಲ್ಲ, ಡ್ಯಾಶ್‌ಬೋರ್ಡ್ ಇಲ್ಲ. ಇಂಥದ್ದನ್ನು ಇವತ್ತು ಯಾವ ಇಲಾಖೆಗೆ ತೋರಿಸಿದರೂ 'ಇದರಲ್ಲಿ ಇನ್ನೊವೇಶನ್ ಏನಿದೆ?' ಎಂದು ಕೇಳಿಯಾರು.

ಗಡಚಿರೋಲಿಯ ಗುಟ್ಟು ಮಣಿಯಲ್ಲಿರಲಿಲ್ಲ. ಹಳ್ಳಿಯ ಹೆಣ್ಣುಮಗಳು ರೋಗ ಗುರುತಿಸಿದ ತಕ್ಷಣ ಅದೇ ಮನೆಯಲ್ಲಿ, ಅದೇ ಚಾಪೆಯ ಮೇಲೆ ಔಷಧ ಕೊಡುತ್ತಿದ್ದಳು. ನವಜಾತ ಶಿಶುವಿಗೆ ಸೋಂಕಾದರೆ ಜೆಂಟಾಮೈಸಿನ್ ಚುಚ್ಚುಮದ್ದನ್ನೂ ಆಕೆಯೇ ಹಾಕುತ್ತಿದ್ದಳು. 1999ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು: ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿದಿತ್ತು. ಜಗತ್ತು ತಲೆಬಾಗಿತು. ದೆಹಲಿಯೂ ಬಾಗಿತು, ಹನ್ನೆರಡು ವರ್ಷ ನಿಧಾನವಾಗಿ. 2011ರಲ್ಲಿ ಆಶಾಗಳ ಮೂಲಕ ಮನೆಮನೆ ನವಜಾತ ಶಿಶು ಆರೈಕೆ ದೇಶವ್ಯಾಪಿ ಕಾರ್ಯಕ್ರಮವಾಯಿತು. ಗಡಚಿರೋಲಿಯ ಮಾದರಿಯನ್ನು ದೇಶಕ್ಕೆಲ್ಲ ಹಂಚುವಾಗ ಚೀಲ ಬಂತು, ಚೀಲದಲ್ಲಿ ಥರ್ಮಾಮೀಟರ್ ಬಂತು, ತೂಕದ ಯಂತ್ರ ಬಂತು, ಡಿಜಿಟಲ್ ಕೈಗಡಿಯಾರ ಬಂತು, ಹೌದು-ಇಲ್ಲ ಟಿಕ್ ಹಾಕುವ ಫಾರಂ ಬಂತು. ಚುಚ್ಚುಮದ್ದು ಬರಲಿಲ್ಲ. ಎಂಟು-ಹತ್ತು ಓದಿದ ಹೆಂಗಸಿನ ಕೈಗೆ ಸೂಜಿ ಕೊಡುವುದುಂಟೇ? ಅಳೆಯುವ ಅಧಿಕಾರ ಕೊಟ್ಟಿದ್ದೇವಲ್ಲ, ಸಾಲದೇ?

ಅಲ್ಲಿಂದ ಇಲ್ಲಿಯವರೆಗೆ ನಮ್ಮ ಆರೋಗ್ಯ ವ್ಯವಸ್ಥೆ ಹಿಡಿದ ದಾರಿ ಇದೇ. ಆಕೆಯ ಚೀಲಕ್ಕೆ ಅಳೆಯುವ ಸಾಮಾನು ಒಂದೊಂದಾಗಿ ಸೇರುತ್ತ ಹೋಯಿತು. ಹಸಿದವನ ಮುಂದೆ ಹೊಸ ಹೊಸ ತಕ್ಕಡಿ ತಂದಿಟ್ಟ ಹಾಗೆ.

ಜಗತ್ತಿನ ದೊಡ್ಡವರೂ ಸುಮ್ಮನೆ ಕೂತಿರಲಿಲ್ಲ. ಉಸಿರು ಎಣಿಸಲು ನೆರವಾಗುವ ಹೊಸ ಯಂತ್ರ ಹೇಗಿರಬೇಕು ಎಂದು 2014ರಲ್ಲಿ ಯುನಿಸೆಫ್ ಒಂದು ವಿವರಣಾಪಟ್ಟಿಯನ್ನೇ ಹೊರಡಿಸಿ ಕಂಪನಿಗಳನ್ನು ಕರೆಯಿತು. ಹೆಚ್ಚು ಓದದವರೂ ಬಳಸುವಂತಿರಬೇಕು, ಕರೆಂಟಿಲ್ಲದ ಊರಲ್ಲೂ ನಡೆಯಬೇಕು, ಧೂಳು, ಮಳೆ, ಬಿಸಿಲಿಗೆ ಜಗ್ಗಬಾರದು, ದುಬಾರಿಯಾಗಬಾರದು. ಈ ಗುಣಗಳೆಲ್ಲ ಇರುವ ಉಪಕರಣ ನಮ್ಮಲ್ಲಿ ಊರಿಗೊಂದು ಆಗಲೇ ಇದೆ. ಗುಲಾಬಿ ಸೀರೆ ಉಟ್ಟಿರುತ್ತದೆ. ಕನ್ನಡ ಬರುತ್ತದೆ, ಊರಿನಲ್ಲಿ ಲಂಬಾಣಿ ತಾಂಡಾ ಇದ್ದರೆ ಲಂಬಾಣಿಯೂ ಬರುತ್ತದೆ, ಬೀಳಿಸಿದರೆ ತಾನೇ ಎದ್ದು ನಡೆಯುತ್ತದೆ. ಆದರೆ ಅದಕ್ಕೆ ಪೇಟೆಂಟ್ ಸಿಗುವುದಿಲ್ಲವಲ್ಲ. ಮಗುವಿನ ಹೊಟ್ಟೆಗೆ ಬೆಲ್ಟಿನಲ್ಲಿ ಕಟ್ಟಿದರೆ ತಾನೇ ಉಸಿರು ಎಣಿಸಿ ಹೇಳುವ ಯಂತ್ರ ಬಂತು. ಇಥಿಯೋಪಿಯಾ, ನೇಪಾಳದ ಹಳ್ಳಿಗಳಲ್ಲಿ ಪ್ರಯೋಗಿಸಿದರು. ಒಳ್ಳೆಯ ಯಂತ್ರವೇ. ಆದರೆ ಅದೂ ಕೇಳುವುದು ಒಂದನ್ನೇ: ಮಗು ಅಲುಗಾಡದೆ ಸುಮ್ಮನಿರಬೇಕು. ಹುಷಾರಿಲ್ಲದ ಮಗುವನ್ನು ಸುಮ್ಮನಿರಿಸುವ ವಿದ್ಯೆಯನ್ನು ಎಂಜಿನಿಯರ್‌ಗಳು ಮತ್ತೆ ಆ ಗುಲಾಬಿ ಸೀರೆಗೇ ಬಿಟ್ಟಿದ್ದಾರೆ.

ಇಷ್ಟು ಓದಿದ ಮೇಲೆ ಯಾರಾದರೂ ಅಧಿಕಾರಿ 'ಇವನು ವಿಜ್ಞಾನ ವಿರೋಧಿ' ಎಂದು ಟಿಪ್ಪಣಿ ಬರೆಯುವ ಮುನ್ನ ಒಂದು ಮಾತು. ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ 1970ರ ದಶಕದಲ್ಲಿ ಕಂಡುಹಿಡಿದ ಪಲ್ಸ್ ಆಕ್ಸಿಮೆಟ್ರಿ ನಿಜಕ್ಕೂ ದೊಡ್ಡ ವಸ್ತು. ಮಗುವಿನ ತುಟಿ ನೀಲಿಯಾಗುವವರೆಗೆ ಕಾದರೆ ಹೊತ್ತು ಮೀರಿರುತ್ತದೆ. ಕಣ್ಣಿಗೆ ಕಾಣದ ಆಮ್ಲಜನಕದ ಕೊರತೆಯನ್ನು ಈ ಕ್ಲಿಪ್ಪು ಮೊದಲೇ ಹೇಳುತ್ತದೆ. 90ಕ್ಕಿಂತ ಕೆಳಗಿಳಿದರೆ ಮಗುವಿಗೆ ಆಸ್ಪತ್ರೆ ಬೇಕು, ಆಮ್ಲಜನಕ ಬೇಕು. ಪಪುವಾ ನ್ಯೂಗಿನಿಯ ಐದು ಆಸ್ಪತ್ರೆಗಳಲ್ಲಿ ಇದನ್ನು ಬಳಸಿದಾಗ ನ್ಯುಮೋನಿಯಾದಿಂದ ಮಕ್ಕಳು ಸಾಯುವ ಪ್ರಮಾಣ ಶೇ 35ರಷ್ಟು ತಗ್ಗಿತೆಂದು 2008ರಲ್ಲಿ ಅದೇ 'ಲ್ಯಾನ್ಸೆಟ್' ಬರೆಯಿತು. ಈ ಶೇ 35 ನಮ್ಮ ಅಧಿಕಾರಿಗಳ ಪವರ್‌ಪಾಯಿಂಟಿಗೆ ಇಳಿದರೆ ಅದರ ಮುಂದಿನ ವಾಕ್ಯ ದಾರಿಯಲ್ಲಿ ಬಿದ್ದುಹೋಗುತ್ತದೆ. ಆ ಆಸ್ಪತ್ರೆಗಳಿಗೆ ಆಕ್ಸಿಮೀಟರ್ ಒಂದೇ ಬಂದಿರಲಿಲ್ಲ. ಗಾಳಿಯಿಂದ ಆಮ್ಲಜನಕ ತೆಗೆಯುವ ಕಾನ್ಸಂಟ್ರೇಟರ್ ಬಂದಿತ್ತು, ಅದನ್ನು ನಡೆಸುವ ತರಬೇತಿ ಬಂದಿತ್ತು, ಕೆಟ್ಟರೆ ರಿಪೇರಿ ಮಾಡುವವರಿದ್ದರು. ಆಮ್ಲಜನಕ ಕಡಿಮೆ ಇದೆ ಎಂದು ಗೊತ್ತಾದ ಮಗುವಿಗೆ ಆಮ್ಲಜನಕ ಕೊಟ್ಟರು. ಎಂಥ ವಿಚಿತ್ರ ಉಪಾಯ!

ನಮ್ಮ ಊರಿಗೆ ಬಂದ ಕ್ಲಿಪ್ಪಿನ ಕಥೆ ಬೇರೆ. ಅದು ದೊಡ್ಡವರ ಬೆರಳಿಗೆಂದು ಮಾಡಿದ್ದು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದದ್ದು ಅದೇ ಜಾತಿ. ಆರು ತಿಂಗಳ ಕೂಸಿನ ಬೆರಳು ಅದರೊಳಗೆ ಹೋದರೆ ಎಲ್ಲಿದೆ ಎಂದು ಹುಡುಕಬೇಕು. ಬೆಳಕು ಬೆರಳನ್ನು ದಾಟುವ ಬದಲು ಪಕ್ಕದಿಂದ ನುಸುಳಿದರೆ ಯಂತ್ರ ಮನಸ್ಸಿಗೆ ಬಂದ ಅಂಕಿ ಹೇಳುತ್ತದೆ. ಕೂಸಿಗೆ ಪಾದಕ್ಕೋ ಹೆಬ್ಬೆಟ್ಟಿಗೋ ಸುತ್ತುವ ಮಕ್ಕಳ ಪ್ರೋಬ್ ಬೇಕು. ಅದು ಬೇರೆ ಐಟಂ, ಬೇರೆ ಕೋಡ್, ಬೇರೆ ಇಂಡೆಂಟ್. ಜತೆಗೆ ತಣ್ಣಗಿನ ಕಾಲು, ಒದೆಯುವ ಕಾಲು. ಕಪ್ಪು ಚರ್ಮದ ಮೇಲೆ ಈ ಯಂತ್ರ ಇರುವುದಕ್ಕಿಂತ ಹೆಚ್ಚು ಆಮ್ಲಜನಕ ತೋರಿಸುವ ಸಂಭವವಿದೆ ಎಂದು 2020ರಲ್ಲಿ ಅಮೆರಿಕದ ವೈದ್ಯರು ತಮ್ಮ ದೇಶದ ರೋಗಿಗಳ ಲೆಕ್ಕ ಹಿಡಿದು ತೋರಿಸಿದರು. ನಮ್ಮ ತರಬೇತಿಯಲ್ಲಿ ಇದನ್ನೆಲ್ಲ ಹೇಳುವಷ್ಟು ಸಮಯ ಎಲ್ಲಿ? ಅರ್ಧ ದಿನ ಉದ್ಘಾಟನೆಗೆ ಹೋಗಿದೆ.

ಇರಲಿ. ಎಲ್ಲ ಸರಿಯಾಗಿ ನಡೆಯಿತೆಂದೇ ಇಟ್ಟುಕೊಳ್ಳೋಣ. ಮಗು ಮಲಗಿತ್ತು, ಟಿವಿ ಆರಿತ್ತು, ನಾಯಿ ಬೇರೆ ಬೀದಿಗೆ ಹೋಗಿತ್ತು. ಉಸಿರು 64, ಆಮ್ಲಜನಕ 88. ಯಂತ್ರ ತನ್ನ ಕೆಲಸ ಮುಗಿಸಿ ಬ್ಯಾಟರಿ ಉಳಿಸಲು ತಾನೇ ಆಫ್ ಆಯಿತು. ಈಗ?

ನಿಯಮದ ಪುಸ್ತಕದಲ್ಲಿ ಉತ್ತರವಿದೆ: ಅಮಾಕ್ಸಿಸಿಲಿನ್‌ನ ಮೊದಲ ಡೋಸ್ ಕೊಟ್ಟು ರೆಫರ್ ಮಾಡಬೇಕು. ಪುಸ್ತಕದಲ್ಲಿರುವ ಔಷಧ ಚೀಲದಲ್ಲಿಯೂ ಇದೆಯೇ ಎಂಬುದು ಆ ತಿಂಗಳ ಸರಬರಾಜಿಗೆ ಬಿಟ್ಟದ್ದು. 108ಕ್ಕೆ ಫೋನ್ ಮಾಡಬೇಕು. ಸಿಗ್ನಲ್ ಬೇಕೆಂದರೆ ಊರ ಹೊರಗಿನ ನೀರಿನ ಟ್ಯಾಂಕಿನ ಹತ್ತಿರ ಹೋಗಬೇಕು. ಗಾಡಿ ಇನ್ನೊಂದು ಹೆರಿಗೆ ಕೇಸಿಗೆ ಹೋಗಿದೆ, 'ಕಾಯ್ತಾ ಇರಿ ಮೇಡಂ'. ಆಟೊದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಸಂಜೆ ಐದರ ಮೇಲೆ ಅಲ್ಲಿ ನರ್ಸು ಒಬ್ಬರೇ. ಅಲ್ಲಿಂದ ಸಮುದಾಯ ಆರೋಗ್ಯ ಕೇಂದ್ರ. ಅಲ್ಲಿ ಮಕ್ಕಳ ತಜ್ಞರಿರಬೇಕು. ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ತಜ್ಞರ ಕೊರತೆ ಶೇ 80ರ ಆಸುಪಾಸಿನಲ್ಲಿದೆ ಎಂದು ಕೇಂದ್ರ ಆರೋಗ್ಯ ಇಲಾಖೆಯೇ 2021-22ರ ವರದಿಯಲ್ಲಿ ಬರೆದುಕೊಂಡಿದೆ. ಅಂದರೆ ಐದು ಬಾಗಿಲು ತಟ್ಟಿದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಉತ್ತರವಿಲ್ಲ. ಜಿಲ್ಲಾಸ್ಪತ್ರೆಗೆ ಇನ್ನೆಷ್ಟು ದೂರ ಎಂಬುದು ನೀವು ಯಾವ ಜಿಲ್ಲೆಯಲ್ಲಿ ಹುಟ್ಟಿದಿರಿ ಎಂಬುದರ ಮೇಲೆ.

ಈ ಪ್ರಯಾಣದ ಉದ್ದಕ್ಕೂ ಆಶಾ ಅಕ್ಕನ ಫೋನು ಮಾತ್ರ ಸುಮ್ಮನಿರುವುದಿಲ್ಲ. ಆಕ್ಸಿಮೀಟರ್ ಹಿಡಿದ ಫೋಟೊ ಗ್ರೂಪಿಗೆ ಹಾಕಿದಿರಾ? ಎಂಟ್ರಿ ಆಯ್ತಾ? ಇವತ್ತು ಎಷ್ಟು ಮಕ್ಕಳನ್ನು ಸ್ಕ್ರೀನ್ ಮಾಡಿದಿರಿ? ಟಾರ್ಗೆಟ್ ಬಾಕಿ ಇದೆ. ಎಷ್ಟು ಮಕ್ಕಳು ಬದುಕಿದರು ಎಂದು ಕೇಳುವ ಕಾಲಂ ಆ ಫಾರಂನಲ್ಲಿಲ್ಲ. ಇಲ್ಲದಿರುವುದೇ ಲೇಸು, ಇದ್ದಿದ್ದರೆ ಅದನ್ನೂ ಆಕೆಯೇ ತುಂಬಬೇಕಿತ್ತು. ತಾಯಿ-ಮಕ್ಕಳ ಆರೋಗ್ಯದ ವಿವರ ತುಂಬುವ ಆರ್‌ಸಿಎಚ್ ಪೋರ್ಟಲಿನ ಜತೆ ಪ್ರೋತ್ಸಾಹಧನವನ್ನು ಗಂಟು ಹಾಕಿದ್ದರಿಂದ ಮಾಡಿದ ಕೆಲಸಕ್ಕೂ ದುಡ್ಡು ಸಿಗುತ್ತಿಲ್ಲ, ಆ ಗಂಟು ಬಿಚ್ಚಿ ಎಂದು ಕರ್ನಾಟಕದ ಆಶಾಗಳು ವರ್ಷಗಳಿಂದ ಬೊಬ್ಬೆ ಹೊಡೆಯುತ್ತಿದ್ದಾರೆ. ಪೋರ್ಟಲಿಗೆ ಕಿವಿ ಇಲ್ಲ. ಈಗ ಕೆಮ್ಮಿನ ಸದ್ದು ಕೇಳಿಯೇ ನ್ಯುಮೋನಿಯಾ ಹೇಳುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳ ಮಾತು ನಡೆದಿದೆ. ಮಗು ಫೋನಿಗೆ ಕೆಮ್ಮಬೇಕು, ಫೋನು ಸರ್ವರಿಗೆ ಕಳಿಸಬೇಕು, ಸರ್ವರ್ ಉತ್ತರ ಕೊಡಬೇಕು. ನೀರಿನ ಟ್ಯಾಂಕಿನ ಹತ್ತಿರ ಹೋಗಿ ಕೆಮ್ಮಿಸಬೇಕಾದೀತು.

ಉಪಕರಣ ಕೊಟ್ಟರೆ ಹೀಗೇ ಆಗಬೇಕೆಂದೇನಿಲ್ಲ. ಮಲೇರಿಯಾದ ವಿಷಯ ನೋಡಿ. ಬೆರಳು ಚುಚ್ಚಿ ಒಂದು ಹನಿ ರಕ್ತ ಹಾಕಿದರೆ ಹದಿನೈದಿಪ್ಪತ್ತು ನಿಮಿಷದಲ್ಲಿ ಗೆರೆ ಮೂಡುವ ಆರ್‌ಡಿಟಿ ಕಿಟ್ ಇದೆ. ಅದನ್ನೂ ಬಳಸುವವಳು ಅದೇ ಆಶಾ. ಒಡಿಶಾದ ಕಾಡಿನ ಜಿಲ್ಲೆಗಳಲ್ಲಿ 2017ರಿಂದ ದಮನ್ ಎಂಬ ಕಾರ್ಯಕ್ರಮದಲ್ಲಿ ದೂರದ ಹಾಡಿಗಳಿಗೆ ಹೋಗಿ ಜ್ವರ ಇರಲಿ ಇಲ್ಲದಿರಲಿ ಎಲ್ಲರನ್ನೂ ಪರೀಕ್ಷಿಸಿದರು. ಗೆರೆ ಮೂಡಿದವರಿಗೆ ಅಲ್ಲೇ ಮಾತ್ರೆ ಕೊಟ್ಟರು. ಅದೇ ಹೊತ್ತಿಗೆ ಮನೆಮನೆಗೆ ಸೊಳ್ಳೆಪರದೆಯೂ ತಲುಪಿತು. 2016ರಲ್ಲಿ 4.4 ಲಕ್ಷ ದಾಟಿದ್ದ ಒಡಿಶಾದ ಮಲೇರಿಯಾ ಪ್ರಕರಣಗಳು 2018ರಲ್ಲಿ ಸುಮಾರು 66 ಸಾವಿರಕ್ಕೆ ಇಳಿದವು. ಅಲ್ಲಿ ಕಿಟ್‌ನ ಉತ್ತರ ಮಾತ್ರೆಯ ಪಟ್ಟಿಯಲ್ಲಿತ್ತು, ಮಾತ್ರೆಯ ಪಟ್ಟಿ ಕಿಟ್‌ನ ಪಕ್ಕದಲ್ಲಿತ್ತು. ನ್ಯುಮೋನಿಯಾದ ಉತ್ತರ ಜಿಲ್ಲಾ ಕೇಂದ್ರದ ಉಗ್ರಾಣದಲ್ಲಿದೆ, ಉಗ್ರಾಣದ ಕೀಲಿ ಇಟ್ಟುಕೊಂಡವರು ರಜೆಯಲ್ಲಿದ್ದಾರೆ.

ಈಗ ಯಂತ್ರ ಹಿಡಿದವಳ ಲೆಕ್ಕ. ಯಂತ್ರಕ್ಕೆ ವಾರಂಟಿ ಇದೆ, ವಾರ್ಷಿಕ ನಿರ್ವಹಣಾ ಒಪ್ಪಂದವಿದೆ, ದಾಸ್ತಾನು ವಹಿಯಲ್ಲಿ ನಂಬರಿದೆ, ಕಳೆದರೆ ವಸೂಲಾತಿಯಿದೆ. ಆಕೆ ಸರ್ಕಾರದ ಕಾಗದದಲ್ಲಿ ಸ್ವಯಂಸೇವಕಿ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ 3, 7, 14, 21, 28, 42ನೇ ದಿನ ಹೀಗೆ ಆರು ಸಲ ಹೋಗಿ, ಕೈ ತೊಳೆದು, ತೂಕ ಹಾಕಿ, ಜ್ವರ ನೋಡಿ, ಹೊಕ್ಕಳು ನೋಡಿ, ಉಸಿರು ಎಣಿಸಿ, ಫಾರಂ ತುಂಬಿ, ಬಾಣಂತಿಗೆ ಧೈರ್ಯ ಹೇಳಿ, ಅತ್ತೆಯ ಹತ್ತಿರ ಬೈಸಿಕೊಂಡು ಬಂದರೆ ಕಾರ್ಯಕ್ರಮದ ದರ 250 ರೂಪಾಯಿ. ಭಾಗಿಸಿದರೆ ಭೇಟಿಗೆ 41 ರೂಪಾಯಿ 66 ಪೈಸೆ. ಆರರಲ್ಲಿ ಒಂದು ಭೇಟಿ ತಪ್ಪಿದರೆ ಪೂರ್ತಿ ಮೊತ್ತಕ್ಕೇ ತಕರಾರು. ಮೂರು ತಿಂಗಳಿಂದ ಹದಿನೈದು ತಿಂಗಳವರೆಗಿನ ಐದು ಭೇಟಿಗೆ ತಲಾ 50 ರೂಪಾಯಿ. ಮಲೇರಿಯಾ ಪರೀಕ್ಷೆಗೆ 15 ರೂಪಾಯಿ. ಸಾಹೇಬರ ಕೊರಳಿಗೆ ಬಿದ್ದ ಏಲಕ್ಕಿ ಹಾರದ ಬೆಲೆಯನ್ನು ಇಲ್ಲಿ ಕೇಳುವುದು ಸಭ್ಯತೆಯಲ್ಲ.

ಗೌರವಕ್ಕೇನೂ ಕೊರತೆ ಮಾಡಿಲ್ಲ. ಮೇ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು ಭಾರತದ ಹತ್ತು ಲಕ್ಷ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಘೋಷಿಸಿದರು. ನಾಯಕಿಯರು ಅಂದೂ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತೇ ಆ ಸುದ್ದಿ ಕೇಳಿರಬೇಕು. ಜುಲೈ 2020ರಲ್ಲಿ, ಕೋವಿಡ್ ನೆತ್ತಿಯ ಮೇಲಿದ್ದಾಗ, ಕರ್ನಾಟಕದ ಸುಮಾರು 42 ಸಾವಿರ ಆಶಾಗಳು ತಿಂಗಳಿಗೆ 12 ಸಾವಿರ ರೂಪಾಯಿ ಮತ್ತು ಸುರಕ್ಷಾ ಸಾಮಗ್ರಿ ಕೇಳಿ ಕೆಲಸ ನಿಲ್ಲಿಸಿದರು. ಕೋವಿಡ್ ಯೋಧರೆಂದು ಹೂಮಳೆ ಸುರಿಸಿದವರು ಆಗ ಬೇರೆ ಕಡೆ ನೋಡುತ್ತಿದ್ದರು. ಜನವರಿ 2025ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ನಾಲ್ಕನೆಯ ದಿನ ಮುಖ್ಯಮಂತ್ರಿಗಳಿಂದ ಭರವಸೆ ಸಿಕ್ಕಿತು: ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10 ಸಾವಿರ. ಅದೇ ಭರವಸೆಯನ್ನು ನೆನಪಿಸಲು ಆಗಸ್ಟ್‌ನಲ್ಲಿ ಮತ್ತೆ ಧರಣಿ ಕೂರಬೇಕಾಯಿತು. ಚಳಿಯಲ್ಲಿ, ಮಳೆಯಲ್ಲಿ ರಸ್ತೆಬದಿಗೆ ಮಲಗಿದ ಆ ಹೆಂಗಸರ ಬೆರಳಿಗೆ ಕ್ಲಿಪ್ಪು ಹಾಕಿ ನೋಡೋಣ ಎಂದು ಯಾರಿಗೂ ಅನ್ನಿಸಲಿಲ್ಲ. ಅಷ್ಟು ಹೊತ್ತು ಊರುಗಳಲ್ಲಿ ಅಷ್ಟೂ ಆಕ್ಸಿಮೀಟರ್‌ಗಳು ತಮ್ಮ ಪೆಟ್ಟಿಗೆಯಲ್ಲಿ ತಣ್ಣಗೆ ಮಲಗಿದ್ದವು. ಯಂತ್ರ ತಾನಾಗಿ ನಡೆದು ಹೋಗಿ ಯಾವ ಕೂಸಿನ ಪಾದವನ್ನೂ ಹಿಡಿಯಲಿಲ್ಲ.

ಯಂತ್ರ ಕೊಡುವುದರಲ್ಲಿ ಒಂದು ಸುಖವಿದೆ, ಅದನ್ನು ಒಪ್ಪಬೇಕು. ಅದನ್ನು ಒಂದೇ ಸಲ ಕೊಂಡರೆ ಆಯಿತು. ಟೆಂಡರ್ ಕರೆಯಬಹುದು, ಕಮಿಟಿ ಮಾಡಬಹುದು, ಬಿಲ್ ಪಾಸಾಗುತ್ತದೆ, ಫೋಟೊಕ್ಕೆ ಚೆನ್ನಾಗಿ ಕಾಣುತ್ತದೆ, ಮುಂದಿನ ವರ್ಷ ಪಿಂಚಣಿ ಕೇಳುವುದಿಲ್ಲ, ಫ್ರೀಡಂ ಪಾರ್ಕಿಗೆ ಬರುವುದಿಲ್ಲ. ಅಮಾಕ್ಸಿಸಿಲಿನ್ ಮಾತ್ರೆ ಹಾಗಲ್ಲ. ಪ್ರತಿ ತಿಂಗಳೂ ಮುಗಿಯುತ್ತದೆ, ಪ್ರತಿ ತಿಂಗಳೂ ಕಳಿಸಬೇಕು, ಅದಕ್ಕೆ ರಿಬ್ಬನ್ ಕತ್ತರಿಸಲು ಯಾರೂ ಬರುವುದಿಲ್ಲ. ಮಕ್ಕಳ ತಜ್ಞರು ಇನ್ನೂ ತಾಪತ್ರಯ; ಅವರಿಗೆ ಕ್ವಾರ್ಟರ್ಸ್ ಬೇಕು, ಅವರ ಮಕ್ಕಳಿಗೆ ಸ್ಕೂಲು ಬೇಕು. ಹಾಗಾಗಿ ಹಳ್ಳಿಯ ಕೂಸಿಗೆ ಏನಾಗಿದೆ ಎಂದು ನಿಖರವಾಗಿ ತಿಳಿದುಕೊಳ್ಳುವುದರಲ್ಲಿ ನಾವು ಬಹಳ ಮುಂದುವರಿದಿದ್ದೇವೆ. ದಶಮಾಂಶ ಬಿಂದುವಿನವರೆಗೂ ಹೇಳಬಲ್ಲೆವು. ಮೊದಲು ಕೂಸು ಕಾರಣ ಗೊತ್ತಿಲ್ಲದೆ ಸಾಯುತ್ತಿತ್ತು. ಈಗ ರೀಡಿಂಗ್ ಸಮೇತ.

ಮುಂದಿನ ಟೆಂಡರಿನ ಕರಡು ಬರೆಯಲು ಯಾವುದೋ ಕಚೇರಿಯಲ್ಲಿ ಯಾರೋ ಕೂತಿರುತ್ತಾರೆ. ಅವರಲ್ಲಿ ಒಂದು ಅರಿಕೆ. ಯಂತ್ರದ ತಾಂತ್ರಿಕ ಷರತ್ತುಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಇಷ್ಟು ಸೇರಿಸಿ: ಪ್ರತಿ ಪೆಟ್ಟಿಗೆಯೊಂದಿಗೆ ಕೂಸಿನ ಪಾದಕ್ಕೆ ಹೊಂದುವ ಪ್ರೋಬ್ ಇರತಕ್ಕದ್ದು. ಪೆಟ್ಟಿಗೆ ಹೋಗುವ ಊರಿನ ಆಶಾ ಚೀಲದಲ್ಲಿ ಅಮಾಕ್ಸಿಸಿಲಿನ್ ಯಾವ ತಿಂಗಳೂ ಖಾಲಿಯಾಗತಕ್ಕದ್ದಲ್ಲ. ಆ ಊರಿನ ಮಗು ರಾತ್ರಿ ಹನ್ನೊಂದಕ್ಕೆ ಹೊರಟರೂ ಆಮ್ಲಜನಕ ಮತ್ತು ವೈದ್ಯರು ಎರಡೂ ಸಿಗುವ ಆಸ್ಪತ್ರೆಯ ಹೆಸರನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕತಕ್ಕದ್ದು. ಯಂತ್ರ ಬಳಸುವವಳಿಗೆ ಒಪ್ಪಿಕೊಂಡ ಹಣ ತಿಂಗಳ ಮೊದಲ ವಾರದಲ್ಲಿ ಸಂದಿರತಕ್ಕದ್ದು. ಈ ನಾಲ್ಕರಲ್ಲಿ ಒಂದನ್ನಾದರೂ ಪೂರೈಸಲಾಗದಿದ್ದರೆ ದಯವಿಟ್ಟು ಟೆಂಡರ್ ಕರೆಯಬೇಡಿ. ಆ ದುಡ್ಡಿಗೆ ಮಾತ್ರೆ ಕೊಳ್ಳಿ.